ಹನ್ನೊಂದು ನಿಮಿಷದ ರೇಡಿಯೇಟರ್

ಕಾರಿನ ರೇಡಿಯೇಟರ್ ಬದಲಿಸುವುದಕ್ಕೆ ಹನ್ನೊಂದು ನಿಮಿಷ ಸಾಕು. ಇದು ನನ್ನ ಮಾತಲ್ಲ, ನನ್ನ ಮೊಬೈಲಿನಲ್ಲಿ ನೋಡಿದ ವಿಡಿಯೊದ ಮಾತು. ವಿಡಿಯೊ ಇದ್ದದ್ದೇ ಹನ್ನೊಂದು ನಿಮಿಷ. ಅದರಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಬರುತ್ತಾನೆ. ಹಳೆಯ ರೇಡಿಯೇಟರ್ ತೆಗೆಯುತ್ತಾನೆ, ಹೊಸದನ್ನು ಕೂಡಿಸುತ್ತಾನೆ, ನಗುತ್ತ ಕೈಬೀಸಿ ಹೋಗಿಬಿಡುತ್ತಾನೆ. ಅಂಗಿಗೆ ಒಂದು ಕಲೆ ಕೂಡ ಬಿದ್ದಿರುವುದಿಲ್ಲ. ಇಂಥ ಮಡಿಯ ಕೆಲಸಕ್ಕೆ ಮಿಸ್ತ್ರಿ ಯಾಕೆ ಬೇಕು ಎಂದು ನನಗೆ ಅನ್ನಿಸಿದ್ದು ತಪ್ಪೇ?

ತಪ್ಪು. ಆದರೆ ಅದು ತಿಳಿಯುವ ಹೊತ್ತಿಗೆ ಒಂದು ಸಂಬಂಧ ಮುರಿಯುವ ಹಂತಕ್ಕೆ ಬಂದಿತ್ತು!

ಮೊದಲು ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು. ನಾನು ಇಚಲಕರಂಜಿಯ ಒಂದು ಪಾವರಲೂಮ್ ಕಾರ್ಖಾನೆಯಲ್ಲಿ ಜಾಬರ್. ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ನಡೆಸುವವನು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಒಂದು ಶೆಡ್ಡಿನ ಅಷ್ಟೂ ಮಗ್ಗಗಳ ಗದ್ದಲದ ನಡುವೆ ಕಣ್ಣು ಮುಚ್ಚಿ ನಿಂತು, "ಆ ಮೂಲ್ಯಾಗಿನ ಮಗ್ಗದ ಬೋಲ್ಟ್ ಸಡಲ ಆಗೇತಿ, ನೋಡ್ರಿ" ಎಂದು ಹೇಳಬಲ್ಲೆ. ಹೋಗಿ ನೋಡಿದರೆ ಆಗಿರುತ್ತದೆ. ಇಂಥವನಿಗೆ ಒಂದು ಸಣ್ಣ ಕಾರು ಯಾವ ಲೆಕ್ಕ!

ಕಾರನ್ನು ನಾಲ್ಕು ತಿಂಗಳ ಹಿಂದೆ ಕೊಂಡಿದ್ದೆ. ಸೆಕೆಂಡ್ ಹ್ಯಾಂಡ್ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕಾಗದ ನೋಡಿದರೆ ಅದು ನಾಲ್ಕನೆಯ ಹ್ಯಾಂಡ್. ನನಗಿಂತ ಮೊದಲಿನ ಮೂವರು ಅದರಲ್ಲಿ ಪ್ರಯಾಣ ಮಾಡಿದ್ದಕ್ಕಿಂತ ಅದನ್ನು ರಿಪೇರಿ ಮಾಡಿದ್ದೇ ಹೆಚ್ಚೆಂದು ಕಾಣುತ್ತದೆ. ಬಾನೆಟ್ ಎತ್ತಿದರೆ ಎಲ್ಲಿ ನೋಡಿದರೂ ಕರಿ ಟೇಪು.

ನನ್ನ ತಂಗಿ ಸುರೇಖಾಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದೆ. ಅವಳ ಒಬ್ಬಳೇ ಮಗಳು ಅಶ್ವಿನಿಯ ನಿಶ್ಚಯ ಆ ಭಾನುವಾರ ಹನ್ನೊಂದು ಗಂಟೆಗೆ ಗೊತ್ತಾಗಿತ್ತು. ಹುಡುಗ ಪ್ರಶಾಂತ ಕಾಗಲದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ತಂದೆ ಆಜರಾದಲ್ಲಿ ಭತ್ತ ಬೆಳೆಯುವವರು, ಬಹಳ ಮರ್ಯಾದಸ್ಥರು ಎಂದು ಕೇಳಿದ್ದೆ. ಅಶ್ವಿನಿಗೆ ಸೋದರಮಾವ ಎಂದರೆ ನಾನೊಬ್ಬನೇ. ನಾನು ತಂದ ಸೀರೆ ಉಟ್ಟೇ ಅವಳು ಮಣೆಯ ಮೇಲೆ ಕೂಡಬೇಕು. ತಂಗಿಗೆ ಫೋನಿನಲ್ಲಿ ಎದೆ ಉಬ್ಬಿಸಿ ಹೇಳಿಬಿಟ್ಟಿದ್ದೆ.

"ಸುರೇಖಾ, ನೀ ಏನೂ ಚಿಂತಿ ಮಾಡಬ್ಯಾಡ. ಸೀರಿ ಹಿಡ್ಕೊಂಡು ಸ್ವಂತ ಗಾಡ್ಯಾಗ ಬರ್ತೇನಿ. ಬೀಗರ ಮುಂದ ನಮ್ಮದೂ ಒಂದು ವಜನ ಇರಬೇಕಲಾ!"

ಶುಕ್ರವಾರ ಸಂಜೆ ಕಾರ್ಖಾನೆಯಿಂದ ಮನೆಗೆ ಬರುವಾಗ ಆ ವಜನದಾರ ಗಾಡಿಯ ಬಾನೆಟ್ಟಿನಿಂದ ಹಬೆ ಎದ್ದಿತು. ಕೆಳಗೆ ಬಗ್ಗಿ ನೋಡಿದರೆ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಮಿಸ್ತ್ರಿ ರಫೀಕಭಾಯಿಗೆ ಫೋನ್ ಮಾಡಿದೆ. ಅವರು ಯಾವುದೋ ಮದುವೆಗೆಂದು ಮಿರಜಕ್ಕೆ ಹೋಗಿದ್ದರು.

"ರೇಡಿಯೇಟರ್ ಕಡೆ ಎಲ್ಲೋ ಲೀಕ್ ಇರಬೇಕ್ರಿ ಜಾಬರ್. ಅದಕ್ಕ ಕೈ ಹಚ್ಚಬ್ಯಾಡ್ರಿ. ಸೋಮವಾರ ಬಂದು ನೋಡ್ತೇನಿ" ಎಂದರು.

ಅವರು ಹೇಳಿದ್ದು ಮೂರು ಮಾತು. ನಾನು ಕೇಳಿಸಿಕೊಂಡದ್ದು ಒಂದೇ ಶಬ್ದ: ರೇಡಿಯೇಟರ್.

ನನ್ನ ಹೆಂಡತಿ ಕಲಾವತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಬಸ್ಸಿಗೆ ಹೋಗೂಣ್ರಿ. ಮುಂಜಾನೆ ಏಳಕ್ಕ ಗಡಹಿಂಗ್ಲಜದ ಬಸ್ ಐತಿ."

"ಬಸ್ಸಿಗೆ? ಸೋದರಮಾವ ಬಸ್ಸಿಗೆ?"

"ಯಾಕ್ರಿ, ಸೋದರಮಾವಗೋಳಿಗೆ ಬಸ್ ಹತ್ತಾಕ ಬಿಡೂದಿಲ್ಲೇನು?"

ನಾನು ಮೊಬೈಲ್ ತೆಗೆದೆ. ವಿಡಿಯೊ ಹಚ್ಚಿದೆ.

ಶನಿವಾರ ಬೆಳಗ್ಗೆ ಕೊಲ್ಹಾಪುರಕ್ಕೆ ಹೋದೆ. ಬಸ್ಸಿಗೇ ಹೋದೆ, ಇರಲಿ. ಬಿಡಿಭಾಗಗಳ ಅಂಗಡಿಯವರು ಗಾಡಿ ಯಾವುದು, ಯಾವ ವರ್ಷದ್ದು, ಎಸಿ ಇದೆಯೋ ಇಲ್ಲವೋ ಎಂದೆಲ್ಲ ಕೇಳಿ ಒಂದು ರೇಡಿಯೇಟರ್ ತಂದಿಟ್ಟರು. "ಪೈಪೂ ಕೊಡ್ಲೇನ್ರಿ? ರೇಡಿಯೇಟರ್ ಜೋಡಿ ಎಲ್ಲಾರೂ ಪೈಪೂ ಬದಲಿ ಮಾಡ್ತಾರ" ಎಂದರು.

"ಪೈಪ್ ಭಾಳ ಗಟ್ಟಿ ಅದಾವ್ರಿ" ಎಂದೆ. ಆ ಪೈಪುಗಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಹಿಂತಿರುಗುವಾಗ ರೇಡಿಯೇಟರ್ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಅಜ್ಜಿ ಅದರ ಸಣ್ಣ ಸಣ್ಣ ಜಾಲರಿಗಳನ್ನು ಬೆರಳಿನಿಂದ ಸವರಿ, "ಶಾವಗಿ ಮಷೀನ ಏನೋ ತಮ್ಮಾ?" ಎಂದಳು. ಹೌದು ಎಂದೆ. ಆಮೇಲೆ ಹತಕಣಗಲೆ ದಾಟುವವರೆಗೂ ಅವಳು ನನಗೆ ಶಾವಿಗೆ ಹಿಟ್ಟಿನ ಹದ ಹೇಳಿಕೊಟ್ಟಳು. ಈ ಇಡೀ ಪ್ರಕರಣದಲ್ಲಿ ನನಗೆ ದೊರೆತ ಉಪಯುಕ್ತ ಜ್ಞಾನ ಅದೊಂದೇ.

ಮಧ್ಯಾಹ್ನ ಹನ್ನೆರಡಕ್ಕೆ ಮನೆಯ ಮುಂದೆ ಕೆಲಸ ಆರಂಭವಾಯಿತು. ಮೊಬೈಲನ್ನು ಕಿಟಕಿಗೆ ಆನಿಸಿ ನಿಲ್ಲಿಸಿದೆ. ನಾನೂ ಒಂದು ಬಿಳಿ ಅಂಗಿ ತೊಟ್ಟಿದ್ದೆ. ಮೊದಲು ಹಳೆಯ ನೀರು ಖಾಲಿ ಮಾಡಬೇಕು ಎಂದಿತು ವಿಡಿಯೊ. ರೇಡಿಯೇಟರಿನ ತಳದಲ್ಲಿದ್ದ ತಿರುಪು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಕೆಳಗೆ ಹಿಡಿಯಲು ಕೈಗೆ ಸಿಕ್ಕದ್ದು ಕಲಾವತಿ ಹಿಟ್ಟು ಕಲಸುವ ದೊಡ್ಡ ಪರಾತ. ಅದರ ತುಂಬ ಹಸಿರು ನೀರು ಫಳಫಳ ಹೊಳೆಯಿತು.

ಪಕ್ಕದ ಮನೆಯ ಮಂಗಲ ವೈನಿ ಕಟ್ಟೆಗೆ ಬಂದರು. ಅವರದು ಮರಾಠಿ ಮನೆ, ಆದರೆ ನಮ್ಮ ಜೊತೆ ಕನ್ನಡ ಮರಾಠಿ ಎರಡನ್ನೂ ಕಲಸಿ ಮಾತಾಡುತ್ತಾರೆ. "ಅಯ್ಯ, ಸರಬತ್ ಮಾಡ್ಯಾರ ಭಾವುಜಿ! ನಮಗೂ ಒಂದು ಗ್ಲಾಸ್ ಇರ್ಲಿ ಕೀ!"

"ಮುಟ್ಟಬ್ಯಾಡ್ರಿ ವೈನಿ, ವಿಷ ಐತಿ!" ಎಂದು ಕೂಗಿದೆ.

ಕೂಗು ಕೇಳಿ ಕಲಾವತಿ ಹೊರಗೆ ಓಡಿ ಬಂದಳು. ವಿಷ ನೋಡಲಿಲ್ಲ, ಪರಾತ ನೋಡಿದಳು. "ನಾಳೆ ಚಪಾತಿ ಹಿಟ್ಟ ನಿಮ್ಮ ತಲೀಮ್ಯಾಲ ಕಲಸಲೇನು?" ಎಂದಳು. ಅಂದಿನಿಂದ ಆ ಪರಾತ ಅಡುಗೆಮನೆಯಿಂದ ಖಾಯಂ ವರ್ಗವಾಯಿತು.

ಆದರೂ ಪಾಪ, ಅವಳು ಮನಸ್ಸು ತಡೆಯದೆ ಒಳಗಿನಿಂದ ನಾಲ್ಕು ಬಣ್ಣದ ದಾರ ತಂದಳು. "ಏನ ಬಿಚ್ಚತೀರಿ ಅದಕ್ಕೊಂದು ದಾರಾ ಕಟ್ರಿ. ಕೆಂಪಿಂದು ಕೆಂಪಿಗೆ, ಹಳದಿದು ಹಳದಿಗೆ. ತಿರುಗಿ ಜೋಡಸಾಕ ಹಗರ ಆಗ್ತೇತಿ."

"ಇಪ್ಪತ್ತೆರಡು ವರ್ಷದ ಜಾಬರಗ ದಾರಾ ಕಟ್ಟೂದು ಕಲಸಾಕತ್ತೀಯೇನು?" ಎಂದು ನಕ್ಕೆ. ಅವಳು ದಾರ ಸುತ್ತಿಕೊಂಡು ಒಳಗೆ ಹೋದಳು.

ರೇಡಿಯೇಟರಿನ ಬೆನ್ನಿಗೆ ಒಂದು ಫ್ಯಾನು ಇರುತ್ತದೆ. ಎಂಜಿನ್ ಬಿಸಿಯಾದಾಗ ತಾನೇ ತಿರುಗಿ ತಂಪು ಮಾಡುವುದು ಅದರ ಕೆಲಸ. ರೇಡಿಯೇಟರಿನ ಮುಂದೆ ಹಾರ್ನು ಇರುತ್ತದೆ. ಹೊರಗೆ ತೆಗೆಯಬೇಕಾದರೆ ಎರಡೂ ಅಡ್ಡ. ವಿಡಿಯೊದ ಮನುಷ್ಯ ಟಿಕ್ ಎಂದು ಪ್ಲಗ್ ಎಳೆದುಬಿಟ್ಟ. ನನ್ನ ಗಾಡಿಯಲ್ಲಿ ಪ್ಲಗ್ಗೇ ಇರಲಿಲ್ಲ. ಹಿಂದಿನ ಯಾರೋ ಪುಣ್ಯಾತ್ಮ ಅದನ್ನು ಕಿತ್ತು ವಾಯರಿಗೆ ವಾಯರ್ ಹೊಸೆದು ಟೇಪು ಸುತ್ತಿದ್ದ. ಫ್ಯಾನಿನವು ಎರಡು, ಹಾರ್ನಿನವು ಎರಡು, ನಾಲ್ಕನ್ನೂ ಕತ್ತರಿಸಿದೆ. ಆಮೇಲೆ ನೋಡಿದರೆ ಎಣ್ಣೆ ಧೂಳು ಕುಡಿದು ನಾಲ್ಕೂ ಕರಿಯವೇ ಆಗಿದ್ದವು. ಪರವಾಗಿಲ್ಲ, ನೆನಪಿನಲ್ಲಿಟ್ಟುಕೊಂಡೆ.

ಬೋಲ್ಟುಗಳನ್ನು ಬಿಚ್ಚುವಾಗ ಒಂದು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಕೈ ಇಳಿಸಿದೆ. ಬೋಲ್ಟು ಸಿಕ್ಕಿತು. ಕೈ ಮೇಲೆ ಬರಲಿಲ್ಲ! ಎಳೆದೆ, ತಿರುಗಿಸಿದೆ, ಉಸಿರು ಬಿಗಿಹಿಡಿದೆ. ಮೊಣಕೈ ಸಿಕ್ಕಿಬಿದ್ದಿತ್ತು. ತಲೆ ಬಾನೆಟ್ಟಿನ ಒಳಗೆ, ಕಾಲು ಹೊರಗೆ. ಸರಿಯಾಗಿ ಆಗಲೇ ಸುರೇಖಾಳ ವಿಡಿಯೊ ಕಾಲ್ ಬಂತು. ಕಲಾವತಿ ಮೊಬೈಲ್ ಎತ್ತಿದಳು.

"ವೈನಿ, ಅಣ್ಣಾ ಎಲ್ಲಿ ಅದಾನ್ರಿ?"

"ಇಲ್ಲೇ ಅದಾರವ್ವಾ. ಅರ್ಧಾ ಕಾಣಸ್ತಾರ, ನೋಡು" ಎಂದು ಕಲಾವತಿ ಮೊಬೈಲನ್ನು ನನ್ನ ಹಿಂಭಾಗಕ್ಕೆ ತಿರುಗಿಸಿದಳು.

"ಎಲ್ಲಾ ಸೂರಳೀತ ನಡದೇತಿ, ತಂಗೀ! ಸುಸೂತ್ರ ಐತಿ!" ಎಂದು ನಾನು ಎಂಜಿನ್ನಿನ ಒಳಗಿನಿಂದ ಕೂಗಿದೆ.

ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದ ಮೇಲೆ ಕೈ ಹೊರಗೆ ಬಂತು. ಬೋಲ್ಟು ಮತ್ತೆ ಒಳಗೆ ಬಿದ್ದಿತ್ತು. ಅದನ್ನು ಗಾಡಿಗೇ ಬಿಟ್ಟುಕೊಟ್ಟೆ.

ಸಂಜೆ ಐದಕ್ಕೆ ಹೊಸ ರೇಡಿಯೇಟರ್ ಕೂತಿತು. ವಾಯರುಗಳನ್ನು ನೆನಪಿನಿಂದ ಹೊಸೆದು ಟೇಪು ಸುತ್ತಿ ಕೆಳಗೆ ಸೇರಿಸಿದೆ. ಎಲ್ಲ ಮುಗಿದಾಗ ನೆಲದ ಮೇಲೆ ನಾಲ್ಕು ಬೋಲ್ಟು, ಒಂದು ರಬ್ಬರ್ ಬಳೆ ಮತ್ತು ಯಾವ ಕಡೆಯಿಂದ ನೋಡಿದರೂ ಅರ್ಥವಾಗದ ಒಂದು ಸೊಟ್ಟ ತಗಡು ಉಳಿದಿದ್ದವು.

"ಇವು ಯಾವ್ವು?" ಎಂದಳು ಕಲಾವತಿ.

"ಕಂಪನಿಯವರು ಜಾಸ್ತಿ ಹಾಕಿರ್ತಾರ."

"ಜಾಸ್ತಿ ಹಾಕಿದ್ದ ಅಷ್ಟ ಉಳದಾವೋ, ಬೇಕಾಗಿದ್ದ ಉಳದಾವೋ?"

ಇಂಥ ತಾತ್ವಿಕ ಪ್ರಶ್ನೆಗಳಿಗೆ ಅದು ಸಮಯವಾಗಿರಲಿಲ್ಲ. ನೀರು ತುಂಬಬೇಕಿತ್ತು.

ನೀರಿನ ಬಗ್ಗೆ ಒಂದು ಮಾತು. ನಮ್ಮ ಗಲ್ಲಿಗೆ ನಳ ಬರುವುದು ಮೂರು ನಾಲ್ಕು ದಿನಕ್ಕೊಮ್ಮೆ. ಬಂದಾಗ ಪೀಪಾಯಿ, ಕೊಡ, ಬಕೆಟ್ಟು, ಲೋಟ ಎಲ್ಲವನ್ನೂ ತುಂಬಿಟ್ಟುಕೊಂಡು, ಮುಂದಿನ ನಳದವರೆಗೆ ಅದನ್ನು ತುಪ್ಪದ ಹಾಗೆ ಬಳಸುತ್ತೇವೆ. ನಾನು ಒಂದು ಬಕೆಟ್ಟು ಸುರಿದೆ. ರೇಡಿಯೇಟರ್ ತುಂಬಲಿಲ್ಲ. ಎರಡನೆಯದು. ತುಂಬಲಿಲ್ಲ. ಹೊಸದಲ್ಲವೇ, ಬಾಯಾರಿಕೆ ಇರುತ್ತದೆ ಎಂದುಕೊಂಡೆ. ನಮ್ಮ ಪೀಪಾಯಿ ತಳ ಕಂಡಿತು. ಮಂಗಲ ವೈನಿಯವರಿಂದ ಎರಡು ಕೊಡ ಕಡ ತಂದೆ. ಅದನ್ನೂ ಕುಡಿಯಿತು!

"ಎಂಥಾ ಕೆಪ್ಯಾಸಿಟಿ ನೋಡು!" ಎಂದೆ ಹೆಮ್ಮೆಯಿಂದ.

ಆಗ ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಮಂಗಲ ವೈನಿ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಹೇಳಿದರು. "ಭಾವುಜಿ, ನಮ್ಮ ಪಾಣೀ ನಮ್ಮ ಬಾಗಲಿಗೇ ತಿರುಗಿ ಬಂದೈತಿ ಕೀ!"

ಬಗ್ಗಿ ನೋಡಿದೆ. ಗಾಡಿಯ ಕೆಳಗಿನಿಂದ ಗಲ್ಲಿಯ ಉದ್ದಕ್ಕೂ ಕಾಲುವೆ ಹರಿಯುತ್ತಿತ್ತು. ಎದೆಯ ಮೇಲೆ ಕೈಯಿಟ್ಟೆ. ಆಘಾತದಿಂದ ಇಟ್ಟದ್ದು. ಕೈಗೆ ಏನೋ ಗಟ್ಟಿಯಾಗಿ ಹತ್ತಿತು. ತಳದ ತಿರುಪು ಜೇಬಿನಲ್ಲೇ ಇತ್ತು!

ಆ ರಾತ್ರಿ ನಮ್ಮ ಗಲ್ಲಿಯ ಎರಡು ಮನೆಗಳು ಬಾಟಲಿ ನೀರಿನಲ್ಲಿ ಅಡುಗೆ ಮಾಡಿದವು. ಅದಕ್ಕೂ ಮೊದಲು, ತಿರುಪು ಹಾಕಿ, ಮೂರನೆಯ ಮನೆಯಿಂದ ನೀರು ತಂದು ತುಂಬಿ ಎಂಜಿನ್ ಶುರು ಮಾಡಿದೆ. ಸೊಗಸಾಗಿ ನಡೆಯಿತು. ಹಬೆ ಇಲ್ಲ, ಸದ್ದಿಲ್ಲ. ಕಲಾವತಿ ಕೂಡ ಒಪ್ಪಿ, ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಬಿಸಿಯಾದಾಗ ಫ್ಯಾನು ತಿರುಗುವುದನ್ನು ನೋಡಿಬಿಟ್ಟರೆ ಕೆಲಸ ಮುಗಿದಂತೆ. ಕೈಕಟ್ಟಿ ಕಾಯುತ್ತ ನಿಂತೆ. ಬಿಸಿ ತೋರಿಸುವ ಮುಳ್ಳು ಮೇಲೇರಿತು.

ಪೋಂಽಽಽಽಽಽ!

ಹಾರ್ನು! ಗಾಡಿಯ ಒಳಗೆ ಯಾರೂ ಇರಲಿಲ್ಲ. ಓಡಿಹೋಗಿ ಕೀ ತೆಗೆದೆ. ನಿಲ್ಲಲಿಲ್ಲ. ಗುಂಡಿ ಸಿಕ್ಕಿಕೊಂಡಿರಬೇಕು ಎಂದು ಹಾರ್ನ್ ಒತ್ತಿದೆ. ಒತ್ತಿದೊಡನೆ ಮುಂದೆ ಭರ್ರೆಂದು ಫ್ಯಾನು ತಿರುಗಿತು. ಬಿಟ್ಟರೆ ಫ್ಯಾನು ನಿಂತಿತು. ಹಾರ್ನು ಮಾತ್ರ ಬಡಿಯುತ್ತಲೇ ಇತ್ತು. ಎರಡು ನಿಮಿಷ ಒತ್ತಿ ಹಿಡಿದಾಗ ಎಂಜಿನ್ ತಣಿದು ಹಾರ್ನು ನಿಂತಿತು.

ಅಷ್ಟರಲ್ಲಿ ಗಲ್ಲಿಯ ಅಷ್ಟೂ ಮಂದಿ ಗಾಡಿಯ ಸುತ್ತ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಪರಿಸ್ಥಿತಿಯನ್ನು ವಿವರಿಸಿದೆ.

"ಏನೂ ಆಗಿಲ್ಲ. ಫ್ಯಾನಿನ ವಾಯರೂ ಹಾರ್ನಿನ ವಾಯರೂ ಅದಲಿಬದಲಿ ಆಗ್ಯಾವ, ಇಷ್ಟ. ಗಾಡಿ ಬಿಸಿ ಆದ್ರ ತಾನ ಹೇಳ್ತೇತಿ. ಹೇಳಿದಾಗ ನಾ ಹಾರ್ನ್ ಒತ್ತೂದು. ಫ್ಯಾನ್ ತಿರುಗಿ ತಂಪ ಆಗ್ತೇತಿ. ಒಂದ ರೀತಿಲೆ ಮೊದಲಕಿಂತ ಚಲೋನ ಆತು."

"ಅಂದ್ರ, ಹಾರ್ನ್ ನಿಲ್ಲಸಾಕ ಹಾರ್ನ್ ಒತ್ತಬೇಕು?" ಎಂದಳು ಕಲಾವತಿ.

"ಹೌದು."

"ಮತ್ತ ಯಾರರ ಅಡ್ಡ ಬಂದ್ರ?"

ಅದನ್ನು ನಾನು ಯೋಚಿಸಿರಲಿಲ್ಲ. ಅಡ್ಡ ಬಂದವರಿಗೆ ಹಾರ್ನ್ ಒತ್ತಿದರೆ ಅವರಿಗೆ ಏನೂ ಕೇಳಿಸುವುದಿಲ್ಲ, ನಮ್ಮ ಎಂಜಿನ್ನಿಗೆ ಗಾಳಿ ಬರುತ್ತದೆ!

ವಾಯರಿನ ಕೂಡುಗಳು ರೇಡಿಯೇಟರಿನ ಕೆಳಗೆ ಸಿಕ್ಕಿದ್ದವು. ಸರಿಮಾಡಬೇಕಾದರೆ ಮತ್ತೆ ಎಲ್ಲ ಬಿಚ್ಚಬೇಕು. ಮತ್ತೆ ಬಿಚ್ಚಿದರೆ ನೀರು ಚೆಲ್ಲಬೇಕು. ಗಲ್ಲಿಯಲ್ಲಿ ನಾಲ್ಕನೆಯ ಮನೆ ನನಗೆ ನೀರು ಕೊಡುವಂತೆ ಕಾಣಲಿಲ್ಲ. ಹಾಗೇ ಹೊರಡುವುದೆಂದು ತೀರ್ಮಾನಿಸಿದೆ. ಬಸ್ಸಿನ ಮಾತನ್ನು ಕಲಾವತಿ ಮತ್ತೆ ತೆಗೆದಳು. ನನಗೂ ಮನಸ್ಸಿನಲ್ಲಿ ಹೌದೆನ್ನಿಸಿತ್ತು. ಆದರೆ ಇಡೀ ಗಲ್ಲಿ ನೋಡುತ್ತ ನಿಂತಿರುವಾಗ ಹೌದೆನ್ನುವುದಕ್ಕೆ ನಾಲಿಗೆ ಬರಲಿಲ್ಲ.

ಭಾನುವಾರ ಏಳಕ್ಕೆ ಹೊರಟೆವು. ಹೆದ್ದಾರಿಯಲ್ಲಿ ಗಾಳಿ ಎದುರಿಗೆ ಬೀಸುತ್ತಿದ್ದರಿಂದ ಎಂಜಿನ್ ತಣ್ಣಗಿತ್ತು. ಕಾಗಲ ದಾಟುವವರೆಗೆ ಹಾರ್ನ್ ಮೌನ. "ನೋಡಿದಿ?" ಎಂದೆ. ನೋಡಿದಿ ಎಂಬ ಶಬ್ದ ಪೂರ್ತಿ ಆಗುವಷ್ಟರಲ್ಲಿ ಟೋಲ್ ನಾಕಾದ ಸಾಲು ಬಂತು. ಗಾಡಿ ನಿಂತಿತು.

ಪೋಂಽಽಽಽಽಽ!

ಮುಂದಿನ ಗಾಡಿಯವರು ತಿರುಗಿ ನೋಡಿದರು. ನಾನು ಒಂದು ಕೈಯಿಂದ ಹಾರ್ನ್ ಒತ್ತಿ ಹಿಡಿದು ಇನ್ನೊಂದು ಕೈಯಿಂದ ನಮಸ್ಕಾರ ಮಾಡಿದೆ. ನಮಸ್ಕಾರದ ಅರ್ಧ ಭಾಗ ಮಾತ್ರ ತಲುಪಿತೆಂದು ಕಾಣುತ್ತದೆ. ಅವರು ಬೈದದ್ದು ಪೂರ್ತಿ ತಲುಪಿತು.

ನಿಪ್ಪಾಣಿ ದಾಟಿ ಗಡಹಿಂಗ್ಲಜದ ರಸ್ತೆ ಹಿಡಿದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ಹಿಂದೆ ಎರಡು ಟ್ರೇಲರ್, ಅದೂ ಏರುದಾರಿ. ಆಮೆಯ ನಡಿಗೆ. ನಮ್ಮ ಹಾರ್ನ್ ಶುರುವಾಯಿತು. ಸ್ವಲ್ಪ ಹೊತ್ತು ತಡೆದ ಟ್ರ್ಯಾಕ್ಟರಿನವನು ನಡುರಸ್ತೆಯಲ್ಲೇ ನಿಲ್ಲಿಸಿ, ತೋಳು ಮಡಚುತ್ತ ಇಳಿದು ಬಂದ.

"ಯಾಕೋ, ಭಾಳ ಅವಸರ ಐತೇನ? ಕೈ ತಗಿ ಹಾರ್ನ್ ಮ್ಯಾಲಿಂದ!"

"ತಗದ್ರ ನಿಲ್ಲೂದಿಲ್ರಿ! ನಿಲ್ಲಸಾಕಂತನ ಒತ್ತಾಕತ್ತೇನ್ರಿ!"

ಅವನು ನನ್ನನ್ನು ನೋಡಿದ. ಗುಂಡಿಯ ಮೇಲಿದ್ದ ನನ್ನ ಕೈ ನೋಡಿದ. ಆಮೇಲೆ ಕಲಾವತಿಯ ಕಡೆ ತಿರುಗಿ, ಬಹಳ ಮೃದುವಾಗಿ ಕೇಳಿದ. "ಭಾಳ ದಿನದಿಂದ ಹಿಂಗ ಅದಾರೇನ್ರಿ ಅಕ್ಕಾರ?"

"ನಿನ್ನಿ ಮಧ್ಯಾಹ್ನದಿಂದ ಜಾಸ್ತಿ ಆಗೇತಿ, ತಮ್ಮಾ" ಎಂದಳು ಕಲಾವತಿ.

ಅವನು ಟ್ರ್ಯಾಕ್ಟರನ್ನು ಬದಿಗೆ ಸರಿಸಿ ದಾರಿ ಬಿಟ್ಟ.

ಮುಂದಿನ ಒಂದು ಊರಿನಲ್ಲಿ ದೇವರು ನನ್ನನ್ನು ಇನ್ನೂ ಕಠಿಣವಾಗಿ ಪರೀಕ್ಷಿಸಿದ. ಎದುರಿಗೆ ಶವಯಾತ್ರೆ. ಇಕ್ಕಟ್ಟಾದ ರಸ್ತೆ, ಹಿಂದೆ ಹೋಗಲು ಜಾಗವಿಲ್ಲ. ನಾನು ಕೂಡಲೇ ಗಾಡಿ ಬದಿಗೆ ಹಾಕಿ, ಕೀ ತೆಗೆದು, ಕೆಳಗಿಳಿದು ತಲೆ ತಗ್ಗಿಸಿ ಕೈಮುಗಿದು ನಿಂತೆ. ಕಲಾವತಿಯೂ ಇಳಿದು ಸೆರಗು ಹೊದ್ದಳು. ಚಟ್ಟ ಸರಿಯಾಗಿ ನಮ್ಮ ಮುಂದೆ ಬಂದಾಗ ಖಾಲಿ ಗಾಡಿ ಬಾಯಿ ತೆರೆಯಿತು.

ಎಲ್ಲರೂ ನಿಂತರು. ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡಿದರು. ಒಳಗೆ ಯಾರೂ ಇಲ್ಲ, ಹಾರ್ನ್ ಒಂದೇ ಸಮನೆ ಗೋಳಿಡುತ್ತಿದೆ! ಒಳಗೆ ಹಾರಿ ಗುಂಡಿ ಒತ್ತೋಣವೆಂದರೆ ನಾನೇ ಬಾರಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಒತ್ತದಿದ್ದರೆ ನಿಲ್ಲುವುದಿಲ್ಲ. ನನ್ನ ಎಲುಬು ಎಣಿಸಿ ಚೀಲಕ್ಕೆ ತುಂಬುತ್ತಾರೆಂದು ಕಣ್ಣು ಮುಚ್ಚಿದೆ. ಆಗ ಮುಂದಿದ್ದ ಒಬ್ಬ ಹಿರಿಯರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ನೋಡ್ರಪಾ, ಮೂವತ್ತ ವರ್ಷ ಲಾರಿ ಹೊಡದ ಜೀವ ಅದು. ಇವತ್ತ ಗಾಡಿ ಸುದ್ದಾ ಅಳಾಕತ್ತೈತಿ."

ನಾಲ್ಕು ಜನ ಬಂದು ನಮ್ಮ ಬಾನೆಟ್ಟಿಗೆ ಕೈಮುಗಿದು ಮುಂದೆ ಹೋದರು. ನನಗೂ ಕಣ್ಣಲ್ಲಿ ನೀರು ಬಂತು. ಯಾತಕ್ಕೆಂದು ಮಾತ್ರ ಹೇಳಲಾರೆ.

ಹತ್ತೂ ನಲವತ್ತಕ್ಕೆ ಗಡಹಿಂಗ್ಲಜ ಸೇರಿದೆವು. ಸುರೇಖಾಳ ಮನೆಯ ಮುಂದೆ ಮಂಟಪ ಹಾಕಿದ್ದರು. ಗಲ್ಲಿಯ ತುದಿಯಲ್ಲಿ ಬ್ಯಾಂಡಿನವರು ಕುಳಿತಿದ್ದರು. ಬೀಗರ ಗಾಡಿಯ ಹಾರ್ನ್ ಕೇಳಿದ ಕೂಡಲೇ ಬಾರಿಸಬೇಕೆಂದು ಅವರಿಗೆ ಹೇಳಿಟ್ಟಿದ್ದರಂತೆ. ಸಂತೆಯ ಗರ್ದಿಯಲ್ಲಿ ತೆವಳಿ ಬಂದ ನಮ್ಮ ಗಾಡಿ ಆ ಗಲ್ಲಿಗೆ ತಿರುಗುವಾಗ ಮುಳ್ಳು ತುದಿ ಮುಟ್ಟಿತ್ತು.

ಪೋಂಽಽಽಽಽಽ!

ಬ್ಯಾಂಡ್ ಮೊಳಗಿತು! ಪಟಾಕಿ ಹಾರಿತು! ಸುರೇಖಾ ಆರತಿ ತಟ್ಟೆ ಹಿಡಿದು, ಬೀಗರ ಮುಂದೆ ಇರಬೇಕಾದ ವಿನಯದಿಂದ ತಲೆ ತಗ್ಗಿಸಿ ಓಡಿ ಬಂದಳು. ತಲೆ ಎತ್ತದೆಯೇ ಗಾಡಿಗೆ ಮೂರು ಸುತ್ತು ಆರತಿ ಎತ್ತಿದಳು. ಬಾಗಿಲು ತೆರೆದು ನಾನು ಇಳಿದೆ. ಟೋಲ್ ನಾಕಾದ ಹತ್ತಿರ ಒಮ್ಮೆ, ನಿಪ್ಪಾಣಿಯಲ್ಲಿ ಎರಡು ಸಲ ಬಾನೆಟ್ ಎತ್ತಿ ನೋಡಿದ್ದರಿಂದ ನನ್ನ ಮುಖ ಕಬ್ಬಿಣದ ಹೆಂಚಿನ ಬಣ್ಣಕ್ಕೆ ತಿರುಗಿತ್ತು.

"ಅಣ್ಣಾ?" ಎಂದಳು ಸುರೇಖಾ.

"ಸೀರಿ ತಂದೇನಿ" ಎಂದೆ.

ಹಾರ್ನ್ ನಿಲ್ಲಲಿಲ್ಲ. ಈ ಸಲ ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಮಂಟಪದಲ್ಲಿದ್ದವರೆಲ್ಲ ಗಾಡಿಯ ಸುತ್ತ ನೆರೆದರು. ಒಬ್ಬರು ಚಕ್ರಕ್ಕೆ ಒದ್ದರು. ಒಬ್ಬರು ಹಾರ್ನಿನ ಬಾಯಿಗೆ ಟವೆಲ್ ತುರುಕಿದರು. ಭಟ್ಟರು ಮಂತ್ರಾಕ್ಷತೆ ಹಾಕಿದರು. ಈ ಗಲಾಟೆಯಲ್ಲಿ ಆಜರಾದಿಂದ ಬೀಗರ ಟೆಂಪೊ ಬಂದು ಗಲ್ಲಿಯ ತುದಿಯಲ್ಲಿ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಅವರೂ ಹಾರ್ನ್ ಬಾರಿಸಿದ್ದರಂತೆ. ಯಾರಿಗೆ ಕೇಳಬೇಕು? ಬ್ಯಾಂಡಿನವರು ಕೂಡ ಬಾರಿಸಿ ಮುಗಿಸಿ ಚಹಾಕ್ಕೆ ಹೋಗಿದ್ದರು.

ಗುಲಾಬಿ ಪಟಗಾ ಸುತ್ತಿದ ಹುಡುಗನ ತಂದೆ, ಕೈಯಲ್ಲಿ ತೆಂಗಿನಕಾಯಿ ಹಿಡಿದ ಹೆಣ್ಣುಮಕ್ಕಳು, ಒಟ್ಟು ಇಪ್ಪತ್ತು ಮೂವತ್ತು ಜನ ಬಿಸಿಲಲ್ಲಿ ನಿಂತೇ ಇದ್ದರು. ಎದುರುಗೊಳ್ಳಲು ಒಂದು ತಂಬಿಗೆ ನೀರೂ ಹೋಗಿರಲಿಲ್ಲ. ಕೊನೆಗೆ ಅವರೇ ನಡೆದು ಬಂದರು.

"ನಮ್ಮನ್ನ ಕರದವರು ಯಾರರ ಅದಾರೇನ್ರಿ ಇಲ್ಲೆ?" ಎಂದರು ಹುಡುಗನ ತಂದೆ. ದನಿ ತಣ್ಣಗಿತ್ತು.

ಸುರೇಖಾಳ ಮುಖ ಬಿಳಿಚಿತು. ಆರತಿಯ ದೀಪವನ್ನು ಆಗಲೇ ನನ್ನ ಗಾಡಿಗೆ ಎತ್ತಿ ಆರಿಸಿಬಿಟ್ಟಿದ್ದಳು. ಅವಳ ಗಂಡ, ನಮ್ಮ ಭಾವ, ಕೈಮುಗಿದು ಏನೋ ಹೇಳಿದರು. ಹಾರ್ನಿನ ಸದ್ದಿನಲ್ಲಿ ಅದು ಅವರಿಗೇ ಕೇಳಿಸಲಿಲ್ಲ. ಅಶ್ವಿನಿ ಕಿಟಕಿಯಿಂದ ನೋಡುತ್ತಿದ್ದಳು. ನಾನು ಹಸೆಯ ಪಕ್ಕದಲ್ಲಿ ಗೌರವದಿಂದ ನಿಲ್ಲಬೇಕಾದವನು, ಅವಳ ಸಂಬಂಧ ಮುರಿಯುವುದಕ್ಕೆ ಇಚಲಕರಂಜಿಯಿಂದ ಸ್ವಂತ ಗಾಡಿ ಮಾಡಿಕೊಂಡು ಬಂದಿದ್ದೆ! ಅಲ್ಲಿಯೇ ಭೂಮಿ ಬಿರಿದಿದ್ದರೆ ನಾನು ಗಾಡಿ ಸಮೇತ ಇಳಿಯುತ್ತಿದ್ದೆ.

ಆಗ ಹುಡುಗ ಪ್ರಶಾಂತ ಮುಂದೆ ಬಂದ. ರೇಷ್ಮೆಯ ಕುರ್ತಾ, ಹಣೆಗೆ ಗಂಧ. ಗಡಿಯಾರ ಬಿಚ್ಚಿ ತಂದೆಯ ಕೈಗೆ ಕೊಟ್ಟು ಬಾನೆಟ್ ಎತ್ತಿದ. ಬ್ಯಾಟರಿಯ ಒಂದು ವಾಯರ್ ಬಿಡಿಸಿದ.

ಹಾರ್ನ್ ನಿಂತಿತು.

ಇಡೀ ಗಲ್ಲಿ ಉಸಿರು ಬಿಟ್ಟಿತು. ಅಷ್ಟೇ! ಒಂದು ವಾಯರ್! ಇಪ್ಪತ್ತೆರಡು ವರ್ಷದ ಜಾಬರನಿಗೆ ಬ್ಯಾಟರಿ ಎಂಬ ವಸ್ತುವಿನ ನೆನಪೇ ಆಗಿರಲಿಲ್ಲ.

"ವಾಯರ್ ಅದಲಿಬದಲಿ ಆಗ್ಯಾವ್ರಿ ಮಾಮಾ" ಎಂದ ಪ್ರಶಾಂತ.

"ಗೊತ್ತೈತಿ. ಖರೆ ಜಾಯಿಂಟ್ ತಳಕ್ಕ ಸಿಕ್ಕಾವ. ಎಲ್ಲಾ ಬಿಚ್ಚಬೇಕು."

"ಯಾಕ್ ಬಿಚ್ಚೂದ್ರಿ? ವಾಯರ್ ಮ್ಯಾಲೂ ಅದಾವಲ್ಲ. ಇಲ್ಲೇ ಕತ್ತರಿಸಿ 'ಇದನ್ನ ಅದಕ್ಕ, ಅದನ್ನ ಇದಕ್ಕ' ಮಾಡಿದ್ರ ಆತು."

ತಾಂಬೂಲದ ತಟ್ಟೆಯಿಂದ ಅಡಕತ್ತರಿ ತೆಗೆದುಕೊಂಡು ಕತ್ತರಿಸಿದ. ಮಂಟಪಕ್ಕೆ ಹೂ ಅಂಟಿಸಲು ತಂದಿದ್ದ ಟೇಪು ಸುತ್ತಿದ. ಎರಡು ನಿಮಿಷ. ವಿಡಿಯೊದ ಬಿಳಿ ಅಂಗಿಯವನಿಗೂ ಆಗುತ್ತಿರಲಿಲ್ಲ. ಆಮೇಲೆ ಅವನು ಕೆಳಗೆ ಬಗ್ಗಿ ಒಂದು ರಬ್ಬರ್ ಪೈಪನ್ನು ಹಿಂಡಿದ. ಒಳಗೆ ಉಳಿದಿದ್ದ ನಾಲ್ಕು ಹನಿ ನೀರು ಚಿಮ್ಮಿತು.

"ರೇಡಿಯೇಟರ್ ಯಾಕ ಬದಲಿ ಮಾಡಿದ್ರಿ?"

"ಸೋರಾಕತ್ತಿತ್ತಲ್ಲಪಾ."

"ಸೋರೂದು ಈ ಪೈಪ್ರಿ ಮಾಮಾ. ಸೀಳೇತಿ, ನೋಡ್ರಿ. ನೀರೆಲ್ಲಾ ಹೋಗೇತಿ, ಅದಕ್ಕ ಹಾರ್ನ್ ನಿಲ್ಲವಲ್ದಾಗಿತ್ತು. ರೇಡಿಯೇಟರ್‌ಗೆ ಏನೂ ಆಗಿದ್ದಿಲ್ಲ."

ಕಲಾವತಿ ನನ್ನ ಹಿಂದೆಯೇ ನಿಂತಿದ್ದಳು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಪ್ರಶಾಂತನ ರೇಷ್ಮೆ ಕುರ್ತಾದ ಎದೆಯ ಮೇಲೆ ಐದು ಬೆರಳಿನ ಕರಿ ಗುರುತು ಮೂಡಿತ್ತು. ಅವನು ಅದನ್ನು ನೋಡಿಕೊಂಡು ನಕ್ಕ. ಮಗ ನಕ್ಕದ್ದನ್ನು ನೋಡಿ ತಂದೆಯ ಮೀಸೆಯೂ ಸ್ವಲ್ಪ ಅಲುಗಿತು. ಸುರೇಖಾ ಅವಸರದಲ್ಲಿ ಆರತಿ ಮತ್ತೆ ಹಚ್ಚಿಕೊಂಡು ಬಂದಳು. ಬ್ಯಾಂಡಿನವರನ್ನು ಚಹಾದಂಗಡಿಯಿಂದ ಎಳೆದು ತಂದರು. ಹನ್ನೊಂದರ ಕಾರ್ಯ ಹನ್ನೆರಡಕ್ಕೆ ಆಯಿತು. ಅಶ್ವಿನಿ ನಾನು ತಂದ ಸೀರೆ ಉಟ್ಟು ಬಂದು ನನ್ನ ಕಾಲಿಗೆ ನಮಸ್ಕರಿಸಿದಳು. ಏಳುವಾಗ ಕಿವಿಯಲ್ಲಿ ಹೇಳಿದಳು.

"ಮಾಮಾ, ಹುಡುಗ ನೋಡಾಕ ಬಂದಾಗ ಬರೇ ಅವಲಕ್ಕಿ ತಿಂದು ಸುಮ್ನ ಕೂತಿದ್ದಾ. ಹ್ಯಾಂಗ ಅದಾನೋ ಅಂತ ಅಂಜಿಕಿ ಇತ್ತು. ಈಗ ಮನಸಿಗೆ ಬಂದಾ ನೋಡು."

ಸೋದರಮಾವ ಮಾಡಿದ ಉಪಕಾರ ಎಂದು ನಾನು ಗಂಭೀರವಾಗಿ ತಲೆ ಆಡಿಸಿದೆ.

ಊಟವಾದ ಮೇಲೆ ಹುಡುಗನ ತಂದೆ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡರು. "ನಮ್ಮದು ಕೊಡೂದು ತಗೊಳ್ಳೂದು ಏನೂ ಇಲ್ರಿ. ಒಂದ ಒಂದು ಕರಾರು ಐತಿ."

ಎಲ್ಲರೂ ಉಸಿರು ಬಿಗಿಹಿಡಿದರು.

"ಮದುವಿಗೆ ಇಚಲಕರಂಜಿ ಮಾವಾರು ಬಸ್ಸಿಗೆ ಬರಬೇಕು."

ಎಲ್ಲರೂ ನಕ್ಕರು. ಸುರೇಖಾ ಕಣ್ಣೀರು ಬರುವ ಹಾಗೆ ನಕ್ಕಳು. ಕರಾರಿಗೆ ನಾನು ಅಲ್ಲಿಯೇ ಒಪ್ಪಿದೆ.

ಹೊಸ ಪೈಪ್ ಹಾಕಿಸಲು ಗಾಡಿಯನ್ನು ಪ್ರಶಾಂತನ ವಶಕ್ಕೆ ಬಿಟ್ಟು, ನಾಲ್ಕು ಗಂಟೆಯ ಬಸ್ ಹಿಡಿದೆವು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ತಂಪು ಗಾಳಿ. ಓಡಿಸುವ ಚಿಂತೆಯಿಲ್ಲ, ಒತ್ತುವ ಚಿಂತೆಯಿಲ್ಲ. ಬದುಕು ಇಷ್ಟು ಸುಲಭವಿದೆ ಎಂದು ಗೊತ್ತೇ ಇರಲಿಲ್ಲ. ನಿಪ್ಪಾಣಿ ಇನ್ನೂ ಸ್ವಲ್ಪ ದೂರವಿರುವಾಗ ಬಸ್ ಗಕ್ಕನೆ ನಿಂತಿತು. ಮುಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಡ್ರೈವರ್ ಇಳಿದು ಮುಂದೆ ಹೋಗಿ ತಲೆ ಕೆರೆದುಕೊಂಡು ನಿಂತ. ಕಂಡಕ್ಟರ್ ಒಳಗೆ ಬಂದು ಪ್ರಯಾಣಿಕರನ್ನೆಲ್ಲ ನೋಡಿ ಮರಾಠಿಯಲ್ಲಿ ಕೇಳಿದ, ರೇಡಿಯೇಟರ್ ಕೆಲಸ ಗೊತ್ತಿದ್ದವರು ಯಾರಾದರೂ ಇದ್ದೀರಾ ಎಂದು.

ಕಲಾವತಿ ಮೆಲ್ಲಗೆ ನನ್ನ ಕಡೆ ತಿರುಗಿದಳು. ಅವಳ ತುಟಿ ಅಲುಗಿದ್ದನ್ನು ನಾನು ಓರೆಗಣ್ಣಿನಿಂದ ಕಂಡೆ.

ಟವೆಲನ್ನು ಮುಖದ ಮೇಲೆ ಎಳೆದುಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟು, ಡ್ರೈವರನಿಗೂ ಕೇಳಿಸುವಷ್ಟು ಜೋರಾಗಿ ಗೊರಕೆ ಹೊಡೆದೆ.